ಕೆಂಗೇರಿ ಮೋರಿಯಿಂದ ಒಂದು ಬಾಟಲಿ ನೀರು

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಬಸ್ಸಿನಲ್ಲಿ ಹೊರಟವರು ನಾಯಂಡಹಳ್ಳಿ ಹತ್ತಿರವಾಗುತ್ತಿದ್ದಂತೆ ಕಿಟಕಿಯ ಗಾಜನ್ನು ಎಳೆದು ಮುಚ್ಚುವುದು ಹಳೆಯ ಅಭ್ಯಾಸ. ರಸ್ತೆಯ ಪಕ್ಕದಲ್ಲಿ ಕಪ್ಪಗೆ, ಅಲ್ಲಲ್ಲಿ ನೊರೆ ಹೊತ್ತು ಹರಿಯುವ ಆ ನೀರನ್ನು ಊರಿನವರು ಕೆಂಗೇರಿ ಮೋರಿ ಎಂದೇ ಕರೆಯುತ್ತಾರೆ. ಅದರ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದ್ದರಿಂದ ಈ ಹೆಸರು ಬಂದಿತೆಂಬ ನಂಬಿಕೆಯಿದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಕಡೆಯಿಂದ ಒಂದು ಕವಲು, ಪೀಣ್ಯದ ಕಡೆಯಿಂದ ಮತ್ತೊಂದು ಕವಲು ಬಂದು ಇದನ್ನು ಕೂಡಿಕೊಳ್ಳುತ್ತವೆ. ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯೊಳಗೆ ಬೆರೆಯುವ ಈ ಹರಿವನ್ನು ಒಂದು ನದಿ ಎಂದು ನೋಡಬೇಕಾದರೆ ಮೊದಲು ಅದರ ಆರೋಗ್ಯವನ್ನು ಅಳೆಯುವುದು ಹೇಗೆ ಎಂಬುದನ್ನು ತಿಳಿಯಬೇಕು. ಅಳತೆಯ ಈ ಕೆಲಸ ಪ್ರಯೋಗಾಲಯವೊಂದರಿಂದಲೇ ಏಕೆ ಮುಗಿಯುವುದಿಲ್ಲ, ದಂಡೆಯಲ್ಲಿ ವಾಸಿಸುವವರ ಕಣ್ಣು ಅದಕ್ಕೆ ಏಕೆ ಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏಣಿನ, ಅಂದರೆ ಎರಡೂ ಕಡೆ ಇಳಿಜಾರಿರುವ ನೆಲದ ನೆತ್ತಿಯ, ಮೇಲೆ ಕುಳಿತ ನಗರ. ಏಣಿನ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ ಹರಿದರೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ಮೂಲಕ ಕಾವೇರಿಯ ಕಡೆಗೆ ಇಳಿಯುತ್ತದೆ. ಏಣಿನ ನೆತ್ತಿಯಲ್ಲಿ ಹುಟ್ಟುವ ತೊರೆಗೆ ಜಲಾನಯನ ಪ್ರದೇಶ ಚಿಕ್ಕದು. ಆದ್ದರಿಂದ ವೃಷಭಾವತಿ ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಬಡವಾಗುವ ಹೊಳೆಯಾಗಿಯೇ ಇದ್ದಿರಬೇಕು. ಈಗ ಅದು ಬತ್ತುವುದೇ ಇಲ್ಲ. ನಗರಕ್ಕೆ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಪಂಪ್ ಮಾಡಿ ಏರಿಸಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರ್ ತರುವಂತೆ ರೂಪಿಸಿದ ಯೋಜನೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಅಪಾರ ವಿದ್ಯುತ್ ಸುಟ್ಟು ಮೇಲಕ್ಕೆ ತಂದ ಕಾವೇರಿಯೇ, ನಮ್ಮ ಸ್ನಾನದ ಮನೆ ಮತ್ತು ಅಡುಗೆಮನೆಗಳನ್ನು ಹಾದು, ಬೇರೆ ಹೆಸರು ಹೊತ್ತು ಮತ್ತೆ ಕಾವೇರಿಗೆ ಇಳಿಯುತ್ತಿದೆ. ಬೇಸಿಗೆಯ ವೃಷಭಾವತಿಯಲ್ಲಿ ಹರಿಯುವುದು ಬಹುಪಾಲು ನಾವು ಬಳಸಿ ಬಿಟ್ಟ ನೀರು.

ನದಿಯೊಂದು ಆರೋಗ್ಯವಾಗಿದೆಯೇ ಎಂದು ಕೇಳಿದಾಗ ವಿಜ್ಞಾನಿಗಳು ಮೊದಲು ನೋಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಮೀನು, ಏಡಿ, ಕೀಟಗಳ ಮರಿಗಳು ಉಸಿರಾಡುವುದು ಇದನ್ನೇ. ನಮ್ಮ ಹವೆಯಲ್ಲಿ ಒಂದು ಲೀಟರ್ ಶುದ್ಧ ನೀರು ಹೆಚ್ಚೆಂದರೆ 7ರಿಂದ 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸ್ನಾನಕ್ಕೆ ಯೋಗ್ಯ ಎನಿಸಿಕೊಳ್ಳಲು ಕನಿಷ್ಠ 5 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಇದನ್ನು ಅಳೆಯುವ ವಿಂಕ್ಲರ್ ವಿಧಾನ ನೂರು ವರ್ಷಕ್ಕೂ ಹಳೆಯದು. ಪಿಯುಸಿ ಪ್ರಯೋಗಾಲಯದಲ್ಲೂ ಮಾಡಿ ತೋರಿಸಬಹುದಾದಷ್ಟು ಸರಳವಾದುದು. ಗಾಳಿಗುಳ್ಳೆ ಸೇರದಂತೆ ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಕ್ಷಾರ ಬೆರೆಸಿದ ಅಯೊಡೈಡ್ ದ್ರಾವಣವನ್ನೂ ಒಂದಿಷ್ಟು ಹನಿಸಿ, ಬಿರಡೆ ಹಾಕಿ, ಬಾಟಲಿಯನ್ನು ಕೆಲವು ಸಲ ತಲೆಕೆಳಗು ಮಾಡಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಹತ್ತಿಯ ಎಳೆಯಂಥ ಕಂದು ಬಣ್ಣದ ಗಷ್ಟು ಮೂಡಿ ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಆಮ್ಲಜನಕವೇ ಇಲ್ಲದಿದ್ದರೆ ಗಷ್ಟು ಹಾಲಿನಂತೆ ಬೆಳ್ಳಗೇ ಉಳಿಯುತ್ತದೆ. ಇಲ್ಲಿ ಬಿಳುಪು ಕೆಟ್ಟ ಸುದ್ದಿ. ನಿಖರವಾದ ಸಂಖ್ಯೆ ಆಮೇಲೆ ಮತ್ತೊಂದು ದ್ರಾವಣವನ್ನು ಹನಿಹನಿಯಾಗಿ ಅಳೆದು ಹಾಕುವ ಟೈಟ್ರೇಷನ್‌ನಿಂದ ಸಿಗುತ್ತದೆ. ಆದರೆ ಆ ಎರಡು ಬಣ್ಣಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿ ಕಂಡವರಿಗೆ ನದಿ ಸತ್ತಿದೆ ಎಂಬ ಮಾತು ಅಲಂಕಾರವಾಗಿ ಉಳಿಯುವುದಿಲ್ಲ.

ಆಮ್ಲಜನಕ ಎಲ್ಲಿಗೆ ಹೋಯಿತು? ಅದನ್ನು ಬ್ಯಾಕ್ಟೀರಿಯಾಗಳು ಖರ್ಚು ಮಾಡಿರುತ್ತವೆ. ಮಲ, ಅನ್ನದ ಗಂಜಿ, ಸೋಪು, ಎಣ್ಣೆಗಳಂಥ ಸಾವಯವ ಪದಾರ್ಥಗಳು ನೀರಿಗೆ ಬಿದ್ದೊಡನೆ ಅವುಗಳನ್ನು ತಿಂದು ಕರಗಿಸಲು ಬ್ಯಾಕ್ಟೀರಿಯಾಗಳು ಮುಗಿಬೀಳುತ್ತವೆ, ತಿನ್ನುತ್ತಲೇ ಉಸಿರಾಡುತ್ತವೆ. ಈ ಹಸಿವಿನ ಅಳತೆಗೆ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ ಎಂದು ಹೆಸರು. ಸ್ನಾನಯೋಗ್ಯ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮನೆಗಳಿಂದ ಬರುವ ಹಸಿ ಕೊಳಚೆಯಲ್ಲಿ ಇದು ಸಾಮಾನ್ಯವಾಗಿ 200ರ ಆಚೆಗೇ ಇರುತ್ತದೆ. ಹರಿಯುವ ನದಿಗೆ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಶಕ್ತಿಯಿದೆ ಎಂಬ ಮಾತು ಸುಳ್ಳಲ್ಲ, ಏಕೆಂದರೆ ಕಲ್ಲುಗಳ ಮೇಲೆ ಧುಮುಕುವಾಗ ನೀರು ಗಾಳಿಯಿಂದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಕೆಳಗೆ ಹೋದಂತೆ ಕೊಳೆಯೂ ಕರಗುತ್ತದೆ. ಆದರೆ ಆ ಶಕ್ತಿ ಕೆಲಸ ಮಾಡಬೇಕಾದರೆ ಕೊಳೆಗಿಂತ ನೀರು ಬಹಳ ಹೆಚ್ಚಿರಬೇಕು. ಹರಿವೆಲ್ಲ ಕೊಳಚೆಯೇ ಆದಾಗ ಆಮ್ಲಜನಕ ಬಂದಷ್ಟೂ ಮುಗಿದುಹೋಗುತ್ತದೆ. ಆಗ ಆಮ್ಲಜನಕವಿಲ್ಲದೆಯೂ ಬದುಕುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಬಿಡುತ್ತವೆ. ಬಸ್ಸಿನ ಕಿಟಕಿಗಳನ್ನು ಮುಚ್ಚಿಸುವುದು ಇದೇ ಅನಿಲ.

ಒಳಚರಂಡಿ ಇರುವ ನಗರದಲ್ಲಿ ಕೊಳಚೆ ನದಿಗೆ ಏಕೆ ಬರಬೇಕು ಎಂಬ ಪ್ರಶ್ನೆ ಸಹಜ. ಬೆಂಗಳೂರಿನಲ್ಲಿ ಎರಡು ಜಾಲಗಳಿವೆ. ಮನೆಗಳ ಕೊಳಚೆಯನ್ನು ಸಂಸ್ಕರಣಾ ಘಟಕಕ್ಕೆ ಒಯ್ಯುವ ಒಳಚರಂಡಿ ಜಲಮಂಡಳಿಯದು. ಮಳೆನೀರನ್ನು ಒಯ್ಯುವ ಚರಂಡಿ ಮತ್ತು ರಾಜಕಾಲುವೆಗಳು ನಗರಾಡಳಿತದವು. ಕಾಗದದ ಮೇಲೆ ಎರಡೂ ಎಲ್ಲಿಯೂ ಕೂಡುವುದಿಲ್ಲ. ಆದರೆ ಎರಡೂ ಇಳಿಜಾರನ್ನೇ ನಂಬಿಕೊಂಡು ಹರಿಯುವಂಥವು, ಮತ್ತು ಒಂದು ಕಣಿವೆಗೆ ಇಳಿಜಾರು ಒಂದೇ. ಆದ್ದರಿಂದ ಒಳಚರಂಡಿಯ ದೊಡ್ಡ ಕೊಳವೆಗಳು ರಾಜಕಾಲುವೆಯ ಪಕ್ಕದಲ್ಲೇ, ಎಷ್ಟೋ ಕಡೆ ಅದರ ಒಡಲಲ್ಲೇ ಸಾಗುತ್ತವೆ. ಕೊಳವೆ ಒಂದು ಕಡೆ ಕಟ್ಟಿಕೊಂಡರೆ ಮ್ಯಾನ್‌ಹೋಲ್ ಉಕ್ಕಿ ಸೀದಾ ಕಾಲುವೆಗೆ ಸುರಿಯುತ್ತದೆ. ಒಳಚರಂಡಿ ತಲುಪದ ಬಡಾವಣೆಗಳ ಮನೆಗಳು ಮುಂದಿನ ಮೋರಿಗೇ ಪೈಪು ತಿರುಗಿಸುತ್ತವೆ. ಒಳಚರಂಡಿ ಇದ್ದ ಕಡೆಯೂ ರಿಪೇರಿಗೆ ಬಂದವರು ಸುಲಭ ಎಂದು ಮಳೆನೀರಿನ ಚರಂಡಿಗೆ ಜೋಡಿಸಿ ಹೋದ ಪೈಪುಗಳು ಇರುತ್ತವೆ. ಮನೆಯವರಿಗೇ ಅದು ಗೊತ್ತಿರುವುದಿಲ್ಲ. ನಾಯಂಡಹಳ್ಳಿಯ ಬಳಿ ವೃಷಭಾವತಿ ಕಣಿವೆಯ ಸಂಸ್ಕರಣಾ ಘಟಕವಿದೆ, ಕೆಳಗೆ ಮೈಲಸಂದ್ರದಲ್ಲಿ ಮತ್ತೊಂದಿದೆ. ಘಟಕಗಳ ಸಾಮರ್ಥ್ಯವನ್ನು ಎಷ್ಟು ಹೆಚ್ಚಿಸಿದರೂ, ಕೊಳವೆಯ ದಾರಿ ತಪ್ಪಿ ಕಾಲುವೆಗೆ ಬಿದ್ದ ಕೊಳಚೆ ಘಟಕದ ಬಾಗಿಲನ್ನೇ ಕಾಣುವುದಿಲ್ಲ. ನದಿಯ ಚರ್ಚೆಯೆಲ್ಲ ದಿನಕ್ಕೆ ಎಷ್ಟು ದಶಲಕ್ಷ ಲೀಟರ್ ಸಾಮರ್ಥ್ಯದ ಘಟಕ ಎಂಬ ಲೆಕ್ಕದಲ್ಲೇ ಮುಳುಗುವುದನ್ನು ನೋಡಿದಾಗ, ತಪ್ಪು ಜೋಡಣೆಗಳ ಪಟ್ಟಿ ಯಾರ ಬಳಿ ಇದೆ ಎಂದು ಕೇಳಬೇಕೆನಿಸುತ್ತದೆ.

ಕಾರ್ಖಾನೆಗಳ ನೀರಿನ ಕಥೆ ಬೇರೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಸಣ್ಣ ಘಟಕಗಳು ಬಹಳ ಇವೆ. ಅವುಗಳ ತೊಟ್ಟಿ ತೊಳೆದ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್, ತಾಮ್ರ, ಸತುವಿನ ಅಂಶ ಇರಬಹುದು. ಬ್ಯಾಕ್ಟೀರಿಯಾ ಮಲವನ್ನು ತಿಂದು ಮುಗಿಸಬಹುದು, ಲೋಹವನ್ನು ಮುಗಿಸಲಾರದು. ಅದು ಹೂಳಿಗೆ ಅಂಟಿ ತಳದಲ್ಲಿ ಕೂರುತ್ತದೆ, ದೊಡ್ಡ ಮಳೆ ಬಂದಾಗ ಕದಡಿ ಮತ್ತೆ ಹೊರಡುತ್ತದೆ, ಕೊನೆಗೆ ಕೆರೆಯಲ್ಲೋ ಗದ್ದೆಯ ಮಣ್ಣಿನಲ್ಲೋ ನೆಲೆಯಾಗುತ್ತದೆ.

ಅಳತೆಯ ತೊಡಕು ಶುರುವಾಗುವುದು ಇಲ್ಲಿ. ಸರ್ಕಾರಿ ನಿಗಾ ವ್ಯವಸ್ಥೆಯಲ್ಲಿ ನದಿಯ ಒಂದು ಗೊತ್ತಾದ ಸ್ಥಳದಿಂದ ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಕಚೇರಿಯ ವೇಳೆಯಲ್ಲಿ, ಒಂದು ಮಾದರಿಯನ್ನು ತೆಗೆಯಲಾಗುತ್ತದೆ. ವರ್ಷಕ್ಕೆ 12 ಬಾಟಲಿ. ಆದರೆ ನದಿ ಗಂಟೆಗೊಂದು ಬಗೆಯಾಗಿರುತ್ತದೆ. ಬೆಳಗ್ಗೆ ಊರೆಲ್ಲ ಸ್ನಾನ ಮಾಡಿ ಬಟ್ಟೆ ಒಗೆದ ನೀರು ಕೆಂಗೇರಿಯನ್ನು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಸಮೀಪಿಸಿರಬಹುದು. ತೊಟ್ಟಿಯ ನೀರನ್ನು ಕದ್ದು ಹರಿಯಬಿಡುವವನು ಅಧಿಕಾರಿ ಬರುವ ಹಗಲನ್ನು ಆರಿಸಿಕೊಳ್ಳುವುದಿಲ್ಲ. ಅವನಿಗೆ ರಾತ್ರಿಯೇ ಅನುಕೂಲ. ಬೇಸಿಗೆಯ ಮೊದಲ ಬಿರುಮಳೆ ರಸ್ತೆಯ ಮೇಲಿನ ತಿಂಗಳುಗಳ ಎಣ್ಣೆ, ಟೈರಿನ ಪುಡಿ, ಕಸ, ನಾಯಿ ಮತ್ತು ದನಗಳ ಹೊಲಸನ್ನೆಲ್ಲ ಅರ್ಧ ಗಂಟೆಯಲ್ಲಿ ಕಾಲುವೆಗೆ ತಳ್ಳುತ್ತದೆ. ಮಾರನೆಯ ದಿನ ತೆಗೆದ ಮಾದರಿಯಲ್ಲಿ ಅದರ ಸುಳಿವೂ ಇರಲಾರದು. ವರ್ಷದ 12 ಬಾಟಲಿಗಳ ಸರಾಸರಿ ಸುಳ್ಳೇನೂ ಆಗಿರುವುದಿಲ್ಲ, ಆದರೆ ಅದು ಹೇಳದೆ ಬಿಟ್ಟದ್ದೇ ಹೆಚ್ಚು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರು ವೃಷಭಾವತಿಯ ನೀರು, ಅದರ ಲೋಹಾಂಶ ಮತ್ತು ಕೆಳಗಿನ ಊರುಗಳ ಬೇಸಾಯವನ್ನು ಅಧ್ಯಯನ ಮಾಡಿದ್ದಾರೆ. ಇಂಥ ಅಧ್ಯಯನಗಳ ಬೆಲೆ ಇರುವುದು ಮುಖ್ಯವಾಗಿ ಸಮಯವನ್ನೂ ಸ್ಥಳವನ್ನೂ ಒತ್ತೊತ್ತಾಗಿ ನೋಡುವುದರಲ್ಲಿ. ಅಷ್ಟು ಒತ್ತೊತ್ತಾಗಿ ವರ್ಷಗಟ್ಟಲೆ ನೋಡಲು ಯಾವ ಸಂಸ್ಥೆಗೂ ಸಿಬ್ಬಂದಿ ಸಾಲುವುದಿಲ್ಲ. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ ಕಾಲದಲ್ಲಿ ತೂಬಿನ ನೀರು ನಿನ್ನೆಗಿಂತ ಇಂದು ಹೇಗಿದೆ ಎಂದು ಹೇಳಬಲ್ಲ ಒಬ್ಬನಾದರೂ ಊರಿನಲ್ಲಿರುತ್ತಿದ್ದ. ನಗರದ ನದಿಗೆ ಅಂಥವರಿಲ್ಲ.

ಈ ಕೊರತೆಯನ್ನು ತುಂಬಿಕೊಂಡ ಒಂದು ನದಿಯ ಉದಾಹರಣೆಯನ್ನು ತುಸು ವಿವರವಾಗಿಯೇ ನೋಡಬಹುದು. ಅಮೆರಿಕದ ಬಾಸ್ಟನ್ ನಗರದ ಚಾರ್ಲ್ಸ್ ನದಿಯ ಉದ್ದ ಸುಮಾರು 130 ಕಿಲೋಮೀಟರ್. ಎರಡು ಶತಮಾನಗಳ ಕಾಲ ಗಿರಣಿಗಳ ಮತ್ತು ಊರುಗಳ ಕೊಳೆಯನ್ನು ಹೊತ್ತ ಆ ನದಿಯನ್ನು ಉಳಿಸಲು 1965ರಲ್ಲಿ ದಂಡೆಯ ನಿವಾಸಿಗಳು ಒಂದು ಜಲಾನಯನ ಸಂಘವನ್ನು ಕಟ್ಟಿದರು. 1995ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ನದಿಯ ಕೆಳಭಾಗಕ್ಕೆ ಶಾಲಾ ಮಕ್ಕಳಿಗೆ ಕೊಡುವಂತೆ ಅಂಕಪಟ್ಟಿ ಕೊಡಲು ಆರಂಭಿಸಿತು. ಮೊದಲ ವರ್ಷ ಬಂದದ್ದು ‘ಡಿ’ ದರ್ಜೆ: ದೋಣಿ ನಡೆಸಲು ನೀರು ಯೋಗ್ಯವಾಗಿದ್ದುದು ಶೇ. 39ರಷ್ಟು ಸಂದರ್ಭಗಳಲ್ಲಿ, ಈಜಲು ಯೋಗ್ಯವಾಗಿದ್ದುದು ಶೇ. 19ರಷ್ಟರಲ್ಲಿ. ಅದೇ ವರ್ಷ ಸಂಘವು ಸ್ವಯಂಸೇವಕರ ಕೈಯಲ್ಲಿ ಮಾದರಿ ಸಂಗ್ರಹಿಸುವ ಕೆಲಸವನ್ನು ಶುರುಮಾಡಿತು. ತಿಂಗಳಿಗೊಮ್ಮೆ, ಗೊತ್ತುಮಾಡಿದ ದಿನ ಬೆಳಗಿನ 6 ಗಂಟೆಗೆ, ನದಿಯುದ್ದಕ್ಕೂ 35 ಕಡೆ ಜನ ಸೇತುವೆಗಳ ಮೇಲೆ ನಿಂತು ಬಾಟಲಿ ಇಳಿಸುತ್ತಾರೆ. ಇಡೀ ನದಿಯ ಚಿತ್ರ ಒಂದೇ ಗಳಿಗೆಯಲ್ಲಿ ಸಿಗುವುದು ಇದರ ಲಾಭ. ಎರಡು ಸೇತುವೆಗಳ ನಡುವೆ ಬ್ಯಾಕ್ಟೀರಿಯಾ ದಿಢೀರನೆ ಏರಿದ್ದರೆ ತಪ್ಪಿತಸ್ಥ ಪೈಪು ಆ ನಡುವೆಯೇ ಇರಬೇಕು.

ಆಮೇಲಿನ ಕೆಲಸ ಪತ್ತೇದಾರಿಯದು. ಮಳೆ ಇಲ್ಲದ ದಿನವೂ ನೀರು ಬರುತ್ತಿರುವ ಮಳೆಚರಂಡಿಯ ಬಾಯಿಯನ್ನು ಹುಡುಕಬೇಕು. ಆ ನೀರಿನಲ್ಲಿ ಸೋಪಿನ ಅಂಶ, ಅಮೋನಿಯಾ ಇವೆಯೇ ಎಂದು ನೋಡಬೇಕು. ಇದ್ದರೆ ಒಂದೊಂದೇ ಮ್ಯಾನ್‌ಹೋಲ್ ತೆರೆದು ಮೇಲಕ್ಕೆ ಹೋಗಬೇಕು. ಅನುಮಾನದ ಮನೆಯ ಶೌಚಾಲಯಕ್ಕೆ ಅಪಾಯವಿಲ್ಲದ ಬಣ್ಣ ಸುರಿದು, ಅದು ಚರಂಡಿಯಲ್ಲಿ ಮೂಡುತ್ತದೆಯೇ ಎಂದು ಕಾಯಬೇಕು. ಹೀಗೆ ತಪ್ಪು ಜೋಡಣೆಗಳನ್ನು ಕಿತ್ತು ಸರಿಪಡಿಸುವುದು, ಕೊಳಚೆಯನ್ನೂ ಮಳೆನೀರನ್ನೂ ಒಟ್ಟಿಗೆ ಒಯ್ಯುತ್ತ ಜೋರು ಮಳೆಯಲ್ಲಿ ಉಕ್ಕಿ ನದಿಗೆ ಸುರಿಯುತ್ತಿದ್ದ ಹಳೆಯ ಕೂಡುಕೊಳವೆಗಳನ್ನು ಬೇರ್ಪಡಿಸುವುದು ವರ್ಷಾನುಗಟ್ಟಲೆ ನಡೆಯಿತು. 2011ರಲ್ಲಿ ಆ ನದಿಗೆ ಅಂತಾರಾಷ್ಟ್ರೀಯ ನದಿ ಪ್ರಶಸ್ತಿ ಬಂತು, 2013ರಲ್ಲಿ ಅಂಕಪಟ್ಟಿ ‘ಎ ಮೈನಸ್’ ಮುಟ್ಟಿತು, ಅದೇ ಬೇಸಿಗೆಯಲ್ಲಿ ಅರ್ಧ ಶತಮಾನದ ನಂತರ ಸಾರ್ವಜನಿಕರು ಅನುಮತಿ ಪಡೆದು ನಗರದ ನಡುವಿನ ನದಿಗೆ ಈಜಲು ಇಳಿದರು. ತಳದ ಹೂಳಿನಲ್ಲಿ ಹಳೆಯ ವಿಷ ಇನ್ನೂ ಕುಳಿತಿದ್ದರಿಂದ ಕಾಲು ನೆಲಕ್ಕೆ ತಾಕದಂತೆ ಆಳದ ನೀರಿಗೇ ಧುಮುಕಬೇಕಾಯಿತು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಚಾರ್ಲ್ಸ್ ದಂಡೆಯ ಮತ್ತೊಂದು ಉಪಾಯ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ನೀರಿಗೆ ಮಲ ಸೇರಿದ್ದನ್ನು ತೋರಿಸಿಕೊಡುವ ಇ. ಕೋಲಿ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಎಣಿಸಲು ಸುಮಾರು ಒಂದು ದಿನ ಬೇಕು. ಇಂದಿನ ನೀರಿನ ಫಲಿತಾಂಶ ಕೈಗೆ ಬರುವುದು ನಾಳೆ. ಆದರೆ ದೋಣಿ ಇಳಿಸುವವನಿಗೆ ಉತ್ತರ ಈಗಲೇ ಬೇಕು. ಕೂಡಿಟ್ಟ ಅಂಕಿಗಳಿಂದ ಮಳೆಗೂ ಬ್ಯಾಕ್ಟೀರಿಯಾಕ್ಕೂ ಇರುವ ಸಂಬಂಧವನ್ನು ಸಂಘದವರು ಲೆಕ್ಕ ಹಾಕಿದರು. ಎಷ್ಟು ಮಳೆಯಾಯಿತು, ಅದು ನಿಂತು ಎಷ್ಟು ಹೊತ್ತಾಯಿತು, ಹರಿವು ಎಷ್ಟಿದೆ ಎಂಬುದರಿಂದ ನೀರಿನ ಸ್ಥಿತಿಯನ್ನು ಊಹಿಸಿ, ದೋಣಿಗಳನ್ನು ಇಡುವ ದಂಡೆಯ ಕಟ್ಟಡಗಳ ಮೇಲೆ ನೀಲಿ ಅಥವಾ ಕೆಂಪು ಬಾವುಟವನ್ನು ಏರಿಸುವ ಪದ್ಧತಿ ಬಂತು. ನೀಲಿ ಹಾರುತ್ತಿದ್ದರೆ ಇಳಿಯಬಹುದು, ಕೆಂಪಾದರೆ ಇಂದು ಬೇಡ. ಸ್ವಯಂಸೇವಕರು ಕೂಡಿಸಿದ ಅಂಕಿ ಯಾರೂ ತೆರೆಯದ ವರದಿಯಲ್ಲಿ ಕೂರದೆ, ಓದು ಬಾರದವರಿಗೂ ತಿಳಿಯುವ ಒಂದು ತುಂಡು ಬಟ್ಟೆಯಾಗಿ ದಂಡೆಗೆ ಮರಳಿತು.

ವೃಷಭಾವತಿಗೆ ಇದನ್ನು ಹಾಗೆಯೇ ಎತ್ತಿ ತರಲಾಗದು, ಏಕೆಂದರೆ ಇಲ್ಲಿ ಯಾವ ಬಾವುಟ ಏರಿಸಬೇಕೆಂಬುದಕ್ಕೆ ಇಂದು ಲೆಕ್ಕಾಚಾರವೇ ಬೇಕಿಲ್ಲ. ಉಪಕರಣದ ಆಯ್ಕೆಯೂ ಬೇರೆಯಾಗುತ್ತದೆ. ಹಳ್ಳಿಗಳಲ್ಲಿ ಕುಡಿಯುವ ನೀರಿನ ಪರೀಕ್ಷೆಗೆ ಕೊಡುವ, ಮಲದ ಸೋಂಕಿದ್ದರೆ ಕಪ್ಪಾಗುವ ಸಣ್ಣ ಬಾಟಲಿ ಬಾವಿಗೆ ಬಹಳ ಉಪಯುಕ್ತ. ಕೆಂಗೇರಿಯಲ್ಲಿ ಅದು ಎಲ್ಲಿ ತುಂಬಿದರೂ ಕಪ್ಪಾಗುತ್ತದೆ, ಹೊಸದೇನನ್ನೂ ಹೇಳುವುದಿಲ್ಲ. ಅದರ ಬದಲು ನೀರಿನಲ್ಲಿ ಕರಗಿದ ಲವಣಗಳನ್ನು ವಿದ್ಯುತ್ ವಾಹಕತೆಯ ಮೂಲಕ ಅಳೆಯುವ, ಪೆನ್ನಿನಂಥ ಅಗ್ಗದ ಮೀಟರು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಂದೇ ಸೇತುವೆಯಿಂದ ರಾತ್ರಿಯಿಡೀ ಗಂಟೆಗೊಮ್ಮೆ ಅಳೆದಾಗ, ಒಂದೇ ಸಮನೆ ಸಾಗುತ್ತಿದ್ದ ಅಂಕಿ 2 ಗಂಟೆಗೆ ಇದ್ದಕ್ಕಿದ್ದಂತೆ ಏರಿ 4 ಗಂಟೆಗೆ ಇಳಿದರೆ, ಮೇಲೆ ಯಾರೋ ಏನನ್ನೋ ಬಿಟ್ಟಿದ್ದಾರೆ ಎಂಬ ಅನುಮಾನಕ್ಕೆ ಅದು ಆಧಾರವಾಗುತ್ತದೆ. ಯಾವ ಲೋಹ, ಎಷ್ಟು ಎಂಬುದನ್ನು ಆ ಪೆನ್ನು ಹೇಳಲಾರದು. ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಯಾವ ಗಂಟೆಯ ಬಾಟಲಿಯನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು ಎಂಬುದನ್ನು ಅದು ತೋರಿಸಿಕೊಡುತ್ತದೆ. ಕಲ್ಲು ಎತ್ತಿ ನೋಡುವುದೂ ಒಂದು ಪರೀಕ್ಷೆಯೇ: ಕೆಸರಿನಲ್ಲಿ ರಕ್ತಗೆಂಪು ಬಣ್ಣದ ಹುಳುಗಳಷ್ಟೇ ಇದ್ದರೆ ಆಮ್ಲಜನಕ ತೀರಾ ಕಡಿಮೆ ಎಂದರ್ಥ, ಏಕೆಂದರೆ ಆ ಕೆಂಪು ಹಿಮೋಗ್ಲೋಬಿನ್‌ನದು, ಸಿಕ್ಕ ಅಲ್ಪ ಆಮ್ಲಜನಕವನ್ನು ಬಿಗಿಹಿಡಿಯಲು ಅವು ಮಾಡಿಕೊಂಡ ಏರ್ಪಾಡು.

ಸ್ವಯಂಸೇವಕರ ಅಂಕಿಗೆ ಕಚೇರಿಯಲ್ಲಿ ಬೆಲೆ ಸಿಗಬೇಕಾದರೆ ಶಿಸ್ತು ಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಬಾಟಲಿಯೇ ಆಗಬೇಕು, ಬಾಯಿ ಹರಿವಿಗೆ ಎದುರಾಗಿರಬೇಕು, ಬಿರಡೆಯ ಒಳಮೈಯನ್ನು ಬೆರಳು ಮುಟ್ಟಬಾರದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯ ಸೇರಿಸಬೇಕು, ಸ್ಥಳ ಮತ್ತು ವೇಳೆಯನ್ನು ಅಲ್ಲೇ ನಿಂತು ಬರೆಯಬೇಕು. ನದಿ ದಿನಾಚರಣೆಯಂದು ಕೈಗವಸು ತೊಟ್ಟು ಪ್ಲಾಸ್ಟಿಕ್ ಹೆಕ್ಕುವುದಕ್ಕಿಂತ ಇದು ಬೇಸರದ ಕೆಲಸ, ಫೋಟೋ ಕೂಡ ಚೆನ್ನಾಗಿ ಬರುವುದಿಲ್ಲ. ಹೆಕ್ಕಿದ ಪ್ಲಾಸ್ಟಿಕ್ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಮೂರು ವರ್ಷ ತಪ್ಪದೆ ಬರೆದಿಟ್ಟ ಅಂಕಿಯನ್ನು ಸುಲಭವಾಗಿ ತಳ್ಳಿಹಾಕಲು ಯಾರಿಗೂ ಆಗುವುದಿಲ್ಲ. ಬೆಂಗಳೂರಿನ ಉತ್ತರದ ಜಕ್ಕೂರು ಕೆರೆಯಲ್ಲಿ ನಿವಾಸಿಗಳು ಮತ್ತು ಸಂಶೋಧಕರು ಜೊತೆಯಾಗಿ ನೀರನ್ನು ಗಮನಿಸುತ್ತ ಬಂದ ಅನುಭವ ನಗರದಲ್ಲಿ ಈಗಾಗಲೇ ಇದೆ. ಸಂಸ್ಕರಿಸಿದ ನೀರು ಅಲ್ಲಿ ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ, ಉಳಿದ ಸಾರಜನಕ ಮತ್ತು ರಂಜಕದ ಒಂದಷ್ಟು ಭಾಗವನ್ನು ಗಿಡಗಳು ಹೀರುತ್ತವೆ. ಕೆರೆಗೆ ಏರಿ ಇರುವುದರಿಂದ ‘ನಮ್ಮ ಕೆರೆ’ ಎನ್ನುವುದು ಸುಲಭ. ಹರಿದುಹೋಗುವ ನೀರನ್ನು ನಮ್ಮದು ಎನ್ನುವವರು ಯಾರು ಎಂಬುದು ನದಿಯ ಮಟ್ಟಿಗೆ ಅಷ್ಟು ಸುಲಭದ ಪ್ರಶ್ನೆಯಲ್ಲ.

ಬೈರಮಂಗಲಕ್ಕೆ ಹೋದರೆ ಆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಕೆರೆಯ ಅಚ್ಚುಕಟ್ಟಿನ ರೈತರಿಗೆ ಈ ನೀರು ಬರಗಾಲದಲ್ಲೂ ಕೈಕೊಡದ ನೀರು. ಸೀಮೆಹುಲ್ಲು, ಹಿಪ್ಪುನೇರಳೆ, ಬೇಬಿ ಕಾರ್ನ್ ಇದರಲ್ಲಿ ಬೆಳೆಯುತ್ತವೆ. ಗೊಬ್ಬರದ ಅಂಶ ನೀರಿನಲ್ಲೇ ಬರುತ್ತದೆ. ಅದೇ ನೀರಿನಲ್ಲಿ ಬರಿಗಾಲಲ್ಲಿ ನಿಂತರೆ ಕಡಿತವಾಗುತ್ತದೆ, ಬಾವಿಯ ನೀರು ಕುಡಿಯಲು ಬರುವುದಿಲ್ಲ, ಕೆರೆಯ ಕೋಡಿಯಲ್ಲಿ ನೊರೆ ಗುಡ್ಡೆಯಾಗುತ್ತದೆ. ಕೇಂದ್ರ ಮಂಡಳಿಯ ವರ್ಗೀಕರಣದಲ್ಲಿ ನೀರಾವರಿಗೆ ಮೀಸಲಾದದ್ದು ‘ಇ’ ವರ್ಗ. ಅದು ಕೇಳುವುದು ಪಿಎಚ್, ವಿದ್ಯುತ್ ವಾಹಕತೆ, ಸೋಡಿಯಂ ಪ್ರಮಾಣ, ಬೋರಾನ್ ಈ ನಾಲ್ಕನ್ನು ಮಾತ್ರ. ಮಲದ ಬ್ಯಾಕ್ಟೀರಿಯಾ ಎಷ್ಟು, ಕ್ರೋಮಿಯಂ ಎಷ್ಟು ಎಂದು ಅದು ಕೇಳುವುದೇ ಇಲ್ಲ. ಸ್ನಾನದ ನೀರಿನಲ್ಲಿ 100 ಮಿಲಿಲೀಟರಿಗೆ ಮಲಜನ್ಯ ಕೋಲಿಫಾರ್ಮ್ 2500 ಮೀರಬಾರದು ಎನ್ನುವ ನಿಯಮ, ಮೊಣಕಾಲುದ್ದ ನೀರಿನಲ್ಲಿ ದಿನವಿಡೀ ನಿಂತು ಹುಲ್ಲು ಕೊಯ್ಯುವ ಹೆಣ್ಣುಮಗಳಿಗೆ ಅನ್ವಯಿಸುವುದಿಲ್ಲ. ಅವಳು ಅಲ್ಲಿ ಸ್ನಾನ ಮಾಡುತ್ತಿಲ್ಲವಲ್ಲ.

ಆದ್ದರಿಂದ ಜನರ ಸಹಭಾಗಿತ್ವ ಎಂದರೆ ಮಲ್ಲೇಶ್ವರದ ನಿವಾಸಿಗಳ ಸಂಘವಷ್ಟೇ ಅಲ್ಲ. ನಗರದವರಿಗೆ ಬೇಕಾದದ್ದು ವಾಸನೆಯಿಲ್ಲದ ಕಾಲುವೆ. ಅದನ್ನು ಕಾಂಕ್ರೀಟಿನಲ್ಲಿ ಮುಚ್ಚಿದರೂ ಅಥವಾ ನೀರನ್ನು ಕೊಳವೆಯಲ್ಲಿ ಬೇರೆಡೆಗೆ ತಿರುಗಿಸಿದರೂ ಅವರಿಗೆ ಪರಿಹಾರ ಸಿಕ್ಕಂತೆ ಕಾಣುತ್ತದೆ. ಬೈರಮಂಗಲದವರಿಗೆ ನೀರೂ ಬೇಕು, ಅದು ಶುದ್ಧವೂ ಆಗಿರಬೇಕು. ಒಂದೇ ನದಿಯ ಎರಡು ತುದಿಗಳವರು ಒಂದೇ ನೀರಿನ ಬಗ್ಗೆ ಮಾತನಾಡಲು ಇರುವ ಸಾಧನವೆಂದರೆ ಇಬ್ಬರೂ ಒಂದೇ ರೀತಿಯಲ್ಲಿ ಅಳೆದ ಅಂಕಿ. ಅಂಥ ಕೆಲಸಕ್ಕೆ ಐದು ಸ್ಥಳಗಳು ಸಾಕು: ಪೀಣ್ಯದ ಕವಲು ಬಂದು ಕೂಡುವ ಜಾಗ, ನಾಯಂಡಹಳ್ಳಿ ಘಟಕದ ಮೇಲೊಂದು, ಅದರ ಕೆಳಗೊಂದು, ಕೆಂಗೇರಿಯ ಸೇತುವೆ, ಬೈರಮಂಗಲದ ತೂಬು. ಐದೂ ಕಡೆ ಒಂದೇ ಬೆಳಗ್ಗೆ, ಒಂದೇ ಗಂಟೆಗೆ ಬಾಟಲಿ ಇಳಿಯಬೇಕು. ವರ್ಷಕ್ಕೆ ಕೆಲವು ಬಾರಿ ಅದು ರಾತ್ರಿ 2 ಗಂಟೆಯೂ ಆಗಿರಬೇಕು. ಐದನೆಯ ಬಾಟಲಿಯನ್ನು ತುಂಬುವುದು ಕಾಲುವೆಗೆ ತೂಬು ಎತ್ತುವ ರೈತನೇ ಆದರೆ ಒಳ್ಳೆಯದು, ನೀರಿನ ಬಣ್ಣ ಯಾವ ರಾತ್ರಿ ಬದಲಾಯಿತೆಂದು ಅವನಿಗೆ ಮೊದಲೇ ಗೊತ್ತಿರುತ್ತದೆ.